ಜತ್ತನ್ನ ಸಾರ್ ಕ್ಷಮಿಸದ ಹುಡುಗಿ

ಇಬ್ಬರೂ ಬಂದದ್ದು ಒಂದೇ ಬಸ್ಸಿನಲ್ಲಿ. ಮೈಲಾಪೂರಿನಲ್ಲಿ ಹತ್ತಿದ ಆ ಬಸ್ಸು ಮೌಂಟ್ ರೋಡಿನ ನಡುವೆ ಕೆಟ್ಟು ನಿಂತಿತ್ತು. ಇಬ್ಬರೂ ಸುಡುಬಿಸಿಲಿನಲ್ಲಿ ನಡೆದು, ಇನ್ನೊಂದು ಬಸ್ಸಿಗೆ ಜೋತುಬಿದ್ದು, ಪ್ಯಾರೀಸ್ ಕಾರ್ನರಿನಲ್ಲಿ ಇಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು ಹಡಗು ಕಂಪನಿಯ ಮೆಟ್ಟಿಲುಗಳನ್ನು ಓಡುತ್ತಲೇ ಹತ್ತಿದ್ದರು. ಟೈಪಿಂಗ್ ಹಾಲಿನ ಬಾಗಿಲಿಗೆ ಬಂದಾಗ ಇಬ್ಬರ ಮುಖದಲ್ಲೂ ಒಂದೇ ಬೆವರು, ಒಂದೇ ಏದುಸಿರು.

ಸೂಪರಿಂಟೆಂಡೆಂಟ್ ಜತ್ತನ್ನರು ತಲೆಯೆತ್ತಿ ಮೊದಲು ವಿನೋದಾಳನ್ನು ನೋಡಿದರು.

"ಬಸ್ಸು ಕೈಕೊಟ್ಟಿತಾ? ಪರವಾಗಿಲ್ಲ, ಕೂತ್ಕೊಳ್ಳಿ. ಮೊದಲು ಸ್ವಲ್ಪ ನೀರು ಕುಡೀರಿ."

ವಿನೋದಾಳ ಹಿಂದೆ ನಿಂತಿದ್ದ ತುಂಗಾ ತಾನೂ ಒಂದು ಸಣ್ಣ ನಗೆಯನ್ನು ಸಿದ್ಧಮಾಡಿಕೊಂಡಳು. ಅವಳ ಸರದಿ ಬಂತು. ಜತ್ತನ್ನರ ಮುಖದಲ್ಲಿದ್ದ ನಗು ದೀಪ ಆರಿದ ಹಾಗೆ ಆರಿಹೋಯಿತು.

"ಮಿಸ್ ಐತಾಳ್, ಆಫೀಸ್ ಬಿಗಿನ್ಸ್ ಅಟ್ ನೈನ್ ಥರ್ಟಿ."

ಹಾಲಿನಲ್ಲಿದ್ದ ಟೈಪ್‌ರೈಟರುಗಳೆಲ್ಲ ಒಂದು ಕ್ಷಣ ಸುಮ್ಮನಾದವು. "ಸಾರಿ ಸಾರ್" ಎಂದು ತುಂಗಾ ತನ್ನ ಜಾಗಕ್ಕೆ ಹೋಗಿ ಕೂತಳು. ಸಿದ್ಧಮಾಡಿಕೊಂಡ ನಗೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ತುಟಿ ಕಚ್ಚಿಕೊಂಡಳು.

"ಐಯೋ ಪಾವಂ," ಎಂದು ಪಕ್ಕದ ಮಿಷನ್ನಿನಿಂದ ವಿನೋದಾ ಪಿಸುಗುಟ್ಟಿದಳು. ರೈಲ್ವೆ ಗುಮಾಸ್ತರ ಮಗಳಾದ ಅವಳು ಮದ್ರಾಸಿನಲ್ಲೇ ಹುಟ್ಟಿದವಳು, ಅರ್ಧ ಮಾತು ತಮಿಳಿನದು. "ಆ ಮನುಷ್ಯನಿಗೆ ನಿನ್ನ ಮೇಲೆ ಏನೋ ಕೋಪ ಕಣೇ. ಏನ್ ಮಾಡ್ದೆ ನೀನು?"

"ಹುಟ್ಟಿದ್ದೇ ತಪ್ಪು ಅಂತ ಕಾಣ್ತದೆ," ಎಂದಳು ತುಂಗಾ.

ತಮಾಷೆಯಲ್ಲ. ಇದು ಮೊದಲ ಸಲವೂ ಅಲ್ಲ. ಊರಿಗೆಲ್ಲ ಸಿಹಿಯಾದ ಬಾವಿ ತನಗೊಬ್ಬಳಿಗೆ ಮಾತ್ರ ಉಪ್ಪಾದರೆ ಯಾರಿಗೆ ತಾನೇ ಉರಿಯುವುದಿಲ್ಲ?

ಜತ್ತನ್ನರು ಮಂಗಳೂರಿನ ಪ್ರೊಟೆಸ್ಟೆಂಟ್ ಕ್ರಿಶ್ಚಿಯನ್ನರು. ತಿಮೊಥಿ ಜತ್ತನ್ನ. ಮೂವತ್ತು ದಾಟಿದ, ಮದುವೆಯಾಗದ, ಎತ್ತರದ ಮನುಷ್ಯ. ಬೆನ್ನ ಹಿಂದೆ ಎಲ್ಲರೂ ಅವರನ್ನು ಪಾದ್ರಿ ಎಂದೇ ಕರೆಯುತ್ತಿದ್ದರು, ಆದರೆ ಅವರು ಆಫೀಸಿನಲ್ಲಿ ಒಂದು ದಿನವೂ ಧರ್ಮದ ಮಾತು ಎತ್ತಿದವರಲ್ಲ. ಮಾಡಿ ತೋರಿಸುತ್ತಿದ್ದರು, ಅಷ್ಟೇ. ಜವಾನನಿಗೆ ಜ್ವರ ಬಂದರೆ ಕಿತ್ತಳೆ ಹಣ್ಣು ಹಿಡಿದು ಅವನ ಗುಡಿಸಲಿಗೆ ಹೋಗುತ್ತಿದ್ದರು. ಕಸ ಗುಡಿಸುವ ಮುದುಕಿಗೆ ತಮ್ಮ ಕುರ್ಚಿಯನ್ನೇ ಎಳೆದು ಕೊಡುತ್ತಿದ್ದರು. ಅಲ್ಲಿ ಇಲ್ಲದವರ ಬಗ್ಗೆ ಯಾರಾದರೂ ಚಾಡಿ ಹೇಳಲು ಬಾಯಿ ತೆರೆದರೆ, "ಅವರು ಬರಲಿ, ಅವರ ಎದುರಿಗೇ ಹೇಳುವ" ಎಂದು ತಡೆಯುತ್ತಿದ್ದರು.

ತಪ್ಪು ಮಾಡಿದವರಿಗಂತೂ ಅವರ ಮೇಜು ದೇವಸ್ಥಾನ. ಹಡಗಿನ ಸರಕು ಪಟ್ಟಿಗೆ ಮ್ಯಾನಿಫೆಸ್ಟ್ ಎನ್ನುತ್ತಿದ್ದರು. ಉದ್ದುದ್ದ ಸಾಲುಗಳು, ನಡುವೆ ಆರು ಕಾರ್ಬನ್. ಒಂದು ಅಕ್ಷರ ತಪ್ಪಿದರೆ ಏಳು ಹಾಳೆಯಲ್ಲೂ ರಬ್ಬರಿನಿಂದ ಉಜ್ಜಬೇಕು. ಒಮ್ಮೆ ವಿನೋದಾ ಇಡೀ ಪುಟ ಕೆಡಿಸಿ ಅಳುತ್ತಾ ನಿಂತಾಗ ಜತ್ತನ್ನರು ಅದನ್ನು ಮಡಚಿ ಬುಟ್ಟಿಗೆ ಹಾಕಿ ನಕ್ಕಿದ್ದರು. "ಕ್ಷಮಿಸಿದ್ದಾಯಿತು, ಮರೆತದ್ದಾಯಿತು. ಕ್ಷಮಿಸಿದ ಮೇಲೆ ಮರೀಬೇಕು. ಮರೆಯದಿದ್ದರೆ ಅದು ಕ್ಷಮೆ ಅಲ್ಲ."

ತುಂಗಾಳಿಗೆ ಆ ಮಾತು ಒಮ್ಮೆಯೂ ಸಿಕ್ಕಿರಲಿಲ್ಲ. ಅತಿ ಕಷ್ಟದ ಮ್ಯಾನಿಫೆಸ್ಟುಗಳೆಲ್ಲ ಹುಡುಕಿಕೊಂಡು ಅವಳ ಮೇಜಿಗೇ ಬರುತ್ತಿದ್ದವು.

ಹಾಗಾದರೆ ಅವಳು ಆ ಮನುಷ್ಯನನ್ನು ದ್ವೇಷಿಸಬೇಕಿತ್ತಲ್ಲ? ದ್ವೇಷಿಸಿದಳು, ಒಂದು ವಾರ. ಆಮೇಲೆ ಅವಳ ಕಣ್ಣಿಗೆ ಬೀರುವಿನ ಗಾಜು ಬಿತ್ತು.

ಜತ್ತನ್ನರ ಮೇಜು ಅವಳ ಬೆನ್ನ ಹಿಂದೆ ಇತ್ತು. ಎದುರಿಗೆ ಫೈಲುಗಳ ಬೀರು, ಅದಕ್ಕೆ ಗಾಜಿನ ಬಾಗಿಲು. ಒಂದು ಮಧ್ಯಾಹ್ನ ಕತ್ತು ನೋವಾಗಿ ತಲೆಯೆತ್ತಿದವಳಿಗೆ ಗಾಜಿನೊಳಗೆ ಜತ್ತನ್ನರು ಕಂಡರು. ಅವರು ನೋಡುತ್ತಿದ್ದದ್ದು ಫೈಲನ್ನಲ್ಲ, ಅವಳ ಜಡೆಯನ್ನು.

ಮರುದಿನ ಅವಳು ಬೇಕೆಂದೇ ಕನಕಾಂಬರ ಮುಡಿದು ಬಂದಳು. ಟೈಪ್ ಮಾಡುತ್ತಾ ಮಾಡುತ್ತಾ ಎಡಗೈಯಿಂದ ಹೂವನ್ನು ಸ್ವಲ್ಪ ಸರಿಪಡಿಸಿದಳು. ಗಾಜಿನೊಳಗೆ ಪೆನ್ನು ನಿಂತಿತು. ಕೈ ಇಳಿಸಿದಳು, ಪೆನ್ನು ಓಡಿತು. ಮತ್ತೆ ಹೂವು ಮುಟ್ಟಿದಳು, ಮತ್ತೆ ನಿಂತಿತು. ತುಂಗಾಳಿಗೆ ನಗು ತಡೆಯಲಾಗದೆ ಕೆಮ್ಮಬೇಕಾಯಿತು. ಆ ಸಂಜೆ ಅವಳ ಮೇಜಿಗೆ ಇನ್ನೂ ಎರಡು ಮ್ಯಾನಿಫೆಸ್ಟ್ ಹೆಚ್ಚಿಗೆ ಬಂದು ಬಿದ್ದವು. ಅವಳು ಅವನ್ನು ಹಾಡುತ್ತಾ ಮುಗಿಸಿದಳು.

ಒಂದು ದಿನ ಅವಸರದಲ್ಲಿ ಒಂದಕ್ಕೊಂದು ಸಿಕ್ಕಿಬಿದ್ದ ಅಕ್ಷರದ ಕಡ್ಡಿಗಳನ್ನು ಬಿಡಿಸಲು ಹೋಗಿ ಬೆರಳು ಮಿಷನ್ನಿಗೆ ಸಿಕ್ಕಿ ರಕ್ತ ಬಂತು. ಅವಳು ಕೂಗಲೂ ಇಲ್ಲ. ಅಷ್ಟರಲ್ಲಿ ಜತ್ತನ್ನರು ಕುರ್ಚಿ ಉರುಳಿಸಿಕೊಂಡು ಬಂದಿದ್ದರು.

"ಅಯ್ಯೋ ತುಂಗಾ! ಪೆಟ್ಟಾಯಿತಾ? ರಕ್ತ ಬರ್ತಾ ಉಂಟಲ್ಲ!"

ತಮ್ಮ ಬಾಯಿಂದ ಬಂದ ಹೆಸರನ್ನು ಕೇಳಿ ಅವರೇ ಬೆಚ್ಚಿದರು. ಕರ್ಚೀಫನ್ನು ಅವಳ ಮೇಜಿನ ಮೇಲಿಟ್ಟು, ಕೈ ಮುಟ್ಟದೆ, ಕಿವಿಯವರೆಗೂ ಕೆಂಪಾಗಿ ತಿರುಗಿ ಹೋದರು. ತುಂಗಾ ಆ ಕರ್ಚೀಫನ್ನು ಒಗೆದು ಇಸ್ತ್ರಿ ಮಾಡಿ ಹಿಂದಿರುಗಿಸಲು ಹೋದಾಗ ಹಾಲಿನಲ್ಲಿ ಯಾರೂ ಇರಲಿಲ್ಲ.

"ಸಾರ್, ನಿಮಗೆ ಕನ್ನಡ ಬರ್ತದಲ್ಲ?"

"ಯೆಸ್."

"ವಿನೋದಾನ ಹತ್ರ ಮಾತಾಡ್ತೀರಿ, ಕ್ಯಾಂಟೀನಿನ ಭಟ್ರ ಹತ್ರ ಮಾತಾಡ್ತೀರಿ. ನನಗೆ ಮಾತ್ರ ಇಂಗ್ಲಿಷ್. ನನ್ನ ಕನ್ನಡಕ್ಕೆ ಎಂತ ಆಗಿದೆ?"

ಅವರು ಕರ್ಚೀಫಿನ ಮಡಿಕೆಯನ್ನು ಬೆರಳಿನಿಂದ ತೀಡಿದರು.

"ನಿಮ್ಮ ಕನ್ನಡಕ್ಕೆ ಏನೂ ಆಗಿಲ್ಲ. ನಿಮ್ಮ ಹತ್ತಿರ ಮಾತಾಡಿದರೆ ನನ್ನದಕ್ಕೆ ಆಗ್ತದೆ." ಮತ್ತೆ ಗಂಟಲು ಸರಿಮಾಡಿಕೊಂಡರು. "ಪ್ಲೀಸ್ ಫಿನಿಶ್ ದ ಮ್ಯಾನಿಫೆಸ್ಟ್, ಮಿಸ್ ಐತಾಳ್."

ಅವಳು ಆ ದಿನ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಮನೆಗೆ ಹೋದಳು. ಅಷ್ಟು ಸುಖ.

ಮನೆ ಅಂದರೆ ಮೈಲಾಪೂರಿನಲ್ಲಿ ಅಣ್ಣ ಸುಬ್ರಾಯನ ಬಾಡಿಗೆಯ ಎರಡು ಕೋಣೆ. ಸಾಲಿಗ್ರಾಮದ ಕಡೆಯಿಂದ ಬಂದು ಕಿಟ್ಟಣ್ಣನ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದ ಅವನು ಕೆಟ್ಟವನೇನಲ್ಲ, ಆಸೆಯವನು. ಕಿಟ್ಟಣ್ಣನಿಗೆ ಹೆಂಡತಿ ಸತ್ತು ವರ್ಷವಾಗಿತ್ತು, ಮೂರು ಮಕ್ಕಳು, ತಲೆಯಲ್ಲಿ ಅರ್ಧ ಬಿಳಿಕೂದಲು. ಸುಬ್ರಾಯನ ತಂಗಿಯನ್ನು ಕೊಟ್ಟರೆ ಹೋಟೆಲಿನಲ್ಲಿ ಪಾಲು ಕೊಡುತ್ತೇನೆಂದು ಅವನು ಬಾಯಿಬಿಟ್ಟೇ ಹೇಳಿದ್ದ.

"ನಾನು ನಿನ್ನನ್ನು ಬಾವಿಗೆ ನೂಕುದಿಲ್ಲ," ಎಂದಿದ್ದ ಸುಬ್ರಾಯ. "ನಿನ್ನ ಕೆಲಸ ಪರ್ಮನೆಂಟ್ ಆದ್ರೆ ನಿನ್ನ ಇಷ್ಟ, ಯಾರನ್ನಾದ್ರೂ ಮದುವೆ ಆಗು, ಆಗದೆಯೂ ಇರು. ಆಗದಿದ್ರೆ ನಾನು ಹೇಳಿದ್ದು. ಮತ್ತೆ ಅತ್ತು ಕರೆದು ಮಾಡ್ಲಿಕ್ಕಿಲ್ಲ."

"ಅಳುದು ಯಾಕೆ? ಪರ್ಮನೆಂಟ್ ಆಗ್ತದೆ," ಎಂದಿದ್ದಳು ತುಂಗಾ. ಹಾಲಿನಲ್ಲಿ ತನ್ನಷ್ಟು ಚೊಕ್ಕವಾಗಿ ಟೈಪ್ ಮಾಡುವವರು ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೆಸರು ಸೂಚಿಸಬೇಕಾದ ಮನುಷ್ಯನ ಪೆನ್ನು ಯಾವಾಗ ನಿಲ್ಲುತ್ತದೆಂದೂ ಗೊತ್ತಿತ್ತು.

ಖಾಲಿ ಇದ್ದದ್ದು ಒಂದೇ ಜಾಗ. ಟೆಂಪರರಿಯಾಗಿದ್ದವರು ಇಬ್ಬರು, ತುಂಗಾ ಮತ್ತು ವಿನೋದಾ. ಮ್ಯಾನೇಜರ್ ದೊರೆ ಇಬ್ಬರಿಗೂ ಒಂದೇ ಮ್ಯಾನಿಫೆಸ್ಟ್ ಕೊಟ್ಟು ಟೈಪ್ ಮಾಡಿಸಿದ. ಆಮೇಲೆ ತನ್ನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂರಿಸಿ ಜತ್ತನ್ನರನ್ನು ಒಳಗೆ ಕರೆದ. ಆ ಕೋಣೆಗಿದ್ದದ್ದು ಅರ್ಧಬಾಗಿಲು. ಒಳಗಿನ ಒಂದೊಂದು ಮಾತೂ ಬೆಂಚಿಗೆ ಕೇಳುತ್ತಿತ್ತು.

ಐತಾಳ್ ಹುಡುಗಿಯ ಹಾಳೆಯಲ್ಲಿ ಒಂದು ತಪ್ಪೂ ಇಲ್ಲ, ನನಗೆ ಅವಳೇ ಸರಿ ಕಾಣುತ್ತಾಳೆ ಎಂದ ದೊರೆ. ವಿನೋದಾ ತುಂಗಾಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಕೆಲಸ ಮಾತ್ರವಲ್ಲ, ತುಂಗಾಳ ಕಣ್ಣ ಮುಂದೆ ಇಡೀ ಬದುಕೇ ಬಂದು ನಿಂತಿತ್ತು, ಅದರಲ್ಲಿ ಎತ್ತರದ ಮನುಷ್ಯನೊಬ್ಬ ಅವಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದ.

"ಒಂದೇ ಪ್ರಶ್ನೆ, ಜತ್ತನ್ನ," ಎಂದ ದೊರೆ. "ಇಬ್ಬರಲ್ಲಿ ಯಾರಿಗಾದರೂ ನೀವು ಎಚ್ಚರಿಕೆ ಕೊಡಬೇಕಾಗಿ ಬಂದದ್ದುಂಟೋ?"

ಒಳಗೆ ಕುರ್ಚಿಯೊಂದು ಕಿರುಗುಟ್ಟಿತು.

"ಮಿಸ್ ಐತಾಳ್ ಅವರಿಗೆ, ಹೌದು ಸಾರ್. ತಡವಾಗಿ ಬಂದದ್ದಕ್ಕೆ. ಹಲವು ಸಲ."

"ಇನ್ನೊಬ್ಬಳಿಗೆ?"

"ಇಲ್ಲ ಸಾರ್. ಒಮ್ಮೆಯೂ ಇಲ್ಲ."

ತುಂಗಾ ಕಾದಳು. ಇನ್ನೊಂದು ವಾಕ್ಯ ಬರಲೇಬೇಕಿತ್ತು. ಅವಳದು ಬಸ್ಸಿನ ತಪ್ಪು ಎಂದೋ, ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದೋ, ಏನೋ ಒಂದು. ಬರಲಿಲ್ಲ. ಹಾಗಾದರೆ ಇನ್ನೊಬ್ಬಳೇ ಇರಲಿ, ಹಡಗು ಯಾರಿಗೂ ಕಾಯುವುದಿಲ್ಲ ಎಂದ ದೊರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ವಿನೋದಾಳ ಕೈ ಮೆಲ್ಲಗೆ ಸಡಿಲವಾಯಿತು.

"ನಾನೇ ಒಳಗೆ ಹೋಗಿ ಹೇಳ್ಬಿಡ್ಲಾ ತುಂಗಾ? ನಾನೂ ಅದೇ ಬಸ್ಸಲ್ಲೇ ಬರೋದು ಅಂತ?" ಎಂದಳು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆದರೆ ಬೆಂಚಿನಿಂದ ಏಳಲಿಲ್ಲ. ತುಂಗಾ ಸ್ವಲ್ಪ ಹೊತ್ತು ಅವಳನ್ನು ನೋಡಿ, "ಬೇಡ, ಬಿಡು" ಎಂದಾಗ ವಿನೋದಾಳಿಗೆ ಎಷ್ಟು ಹಗುರವಾಯಿತೆಂದರೆ ಅದು ಮುಖದಲ್ಲೇ ಕಂಡಿತು.

ಊಟದ ಹೊತ್ತಿನಲ್ಲಿ ಜತ್ತನ್ನರು ಮಹಡಿಯ ಮೇಲೆ ಒಬ್ಬರೇ ನಿಂತಿದ್ದರು. ಅಲ್ಲಿಂದ ಬಂದರು ಕಾಣುತ್ತಿತ್ತು. ಊಟದ ಡಬ್ಬಿಯನ್ನು ಅವರು ತೆರೆದಿರಲಿಲ್ಲ.

"ಸಾರ್, ವಿನೋದಾ ನನ್ನ ಬಸ್ಸಲ್ಲೇ ಬರುದು. ತಡ ಆದ್ರೆ ಇಬ್ರಿಗೂ ತಡ. ನಿಮಗೆ ಗೊತ್ತಿಲ್ವಾ?"

"ಗೊತ್ತುಂಟು." ಅವರು ಕನ್ನಡದಲ್ಲೇ ಹೇಳಿದರು.

"ಮತ್ತೆ ಒಮ್ಮೆಯೂ ಇಲ್ಲ ಅಂದ್ರಿ."

"ಎಚ್ಚರಿಕೆ ಕೊಟ್ಟದ್ದುಂಟೋ ಅಂತ ಕೇಳಿದರು. ಅವರಿಗೆ ಕೊಟ್ಟಿಲ್ಲ, ಅದು ಸತ್ಯ. ಅವರು ತಡ ಮಾಡಿದ್ದನ್ನು ಆಗಾಗಲೇ ಕ್ಷಮಿಸಿಯಾಗಿತ್ತು. ಕ್ಷಮಿಸಿದ್ದನ್ನು ಮತ್ತೆ ಎತ್ತಿ ಆಡಲಿಕ್ಕೆ ನನಗೆ ಹಕ್ಕಿಲ್ಲ."

"ನನ್ನದನ್ನು ಯಾಕೆ ಕ್ಷಮಿಸ್ಲಿಲ್ಲ?"

ಜತ್ತನ್ನರು ಮಹಡಿಯ ಅಂಚಿನ ಮೋಟು ಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಿಮ್ಮ ವಿಷಯದಲ್ಲಿ ನನಗೆ ನನ್ನ ಮೇಲೇ ನಂಬಿಕೆ ಇರಲಿಲ್ಲ. ಉಳಿದವರಿಗೆ ದಯೆ ತೋರಿಸಿದರೆ ಅದು ದಯೆ. ನಿಮಗೆ ತೋರಿಸಿದರೆ ಅದು ದಯೆಯೋ, ನನ್ನ ಆಸೆಯೋ ಅಂತ ಗೊತ್ತಾಗ್ತಿರಲಿಲ್ಲ. ಅದಕ್ಕೆ ಏನೂ ತೋರಿಸಬಾರದು ಅಂತ ಮಾಡಿದೆ. ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡಿ ಬರ್ತಿದ್ದೆ, ಇವತ್ತು ಅವಳಿಗೆ ಪಕ್ಷಪಾತ ಮಾಡದ ಹಾಗೆ ನೋಡಿಕೋ ಅಂತ." ಅವರ ಧ್ವನಿ ಒಡೆಯಿತು. "ನಾನು ನಿಮ್ಮನ್ನು ಪ್ರೀತಿಸ್ತೇನೆ, ತುಂಗಾ. ನೀವು ಬಂದ ಮೊದಲ ವಾರದಿಂದ."

ಈ ಮಾತಿಗಾಗಿ ಅವಳು ಎಷ್ಟು ಕಾದಿದ್ದಳು! ಬೀರುವಿನ ಗಾಜಿನೊಳಗೆ ಅದನ್ನು ಎಷ್ಟು ಸಲ ಕೇಳಿಸಿಕೊಂಡಿದ್ದಳು! ಈಗ ಅದು ಬಂತು, ಕಾಲು ಮುರಿದ ಮೇಲೆ ಕೊಟ್ಟ ಗೆಜ್ಜೆಯ ಹಾಗೆ. ಅವಳಿಗೆ ಅಳುವೂ ಬಂತು, ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿಯಬೇಕೆಂಬ ಆಸೆಯೂ ಬಂತು, ಹೊಡೆಯಬೇಕೆಂಬ ಸಿಟ್ಟೂ ಬಂತು.

"ಹಾಗಾದ್ರೆ ಈಗ ಹೋಗಿ ಹೇಳಿ. ದೊರೆ ಇನ್ನೂ ಸಹಿ ಹಾಕಿಲ್ಲ. ವಿನೋದಾನ ಮೇಲೆ ದೂರು ಬೇಡ. ನನ್ನದು ಬಸ್ಸಿನ ತಪ್ಪು ಅಂತ ಒಂದೇ ಒಂದು ಮಾತು. ಕೆಲಸ ಇಲ್ಲದಿದ್ರೆ ಅಣ್ಣ ನನ್ನನ್ನು ಕಿಟ್ಟಣ್ಣನಿಗೆ ಕೊಡ್ತಾನೆ. ಮೂರು ಮಕ್ಕಳ ಅಪ್ಪ ಅವನು."

ಅವರ ಮುಖ ಬಿಳಚಿಕೊಂಡಿತು. ಕಣ್ಣು ಮುಚ್ಚಿದರು, ತುಟಿ ಅಲ್ಲಾಡಿತು, ಮತ್ತೆ ಕಣ್ಣು ತೆರೆದರು.

"ಬೆಳಿಗ್ಗೆ ಹೇಳಿದ್ದರೆ ಅದು ನ್ಯಾಯ ಆಗ್ತಿತ್ತು. ಈಗ, ನಿಮಗೆ ಈ ಮಾತು ಹೇಳಿದ ಮೇಲೆ ಹೋಗಿ ಹೇಳಿದರೆ ಅದು ಪಕ್ಷಪಾತ." ಅವರು ಅವಳ ಕಡೆ ತಿರುಗಿದರು. "ನಾನು ನಿಮ್ಮ ಅಣ್ಣನ ಹತ್ತಿರ ಬರ್ತೇನೆ. ನಿಮ್ಮನ್ನು ಮದುವೆಗೆ ಕೇಳ್ತೇನೆ. ಹೊಡೆದರೆ ಹೊಡೆಸಿಕೊಳ್ತೇನೆ."

ಬರುತ್ತಾರೆ, ಅದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಬನ್ನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ಅಲ್ಲೇ ತಡೆದು ಬೇರೊಂದು ಕೇಳಿದಳು.

"ಮದುವೆ ಆದ ಮೇಲೆ ನಿಮ್ಮ ಮನೆಯವರು ನನ್ನ ತಪ್ಪು ಹಿಡಿದು ನಿಲ್ಲಿಸಿದ್ರೆ, ನೀವು ಯಾರ ಕಡೆ?"

ಒಂದು ಸುಳ್ಳು ಸಾಕಿತ್ತು. ಬೇರೆ ಯಾವ ಗಂಡಸಾದರೂ ಉಸಿರು ತೆಗೆದುಕೊಳ್ಳುವ ಮೊದಲೇ 'ನಿನ್ನ ಕಡೆ' ಎನ್ನುತ್ತಿದ್ದ. ಜತ್ತನ್ನರು ಯೋಚಿಸಿದರು. ಪ್ರಾಮಾಣಿಕವಾಗಿ, ಹಣೆ ಸುಕ್ಕುಗಟ್ಟಿ ಯೋಚಿಸಿದರು.

"ಯಾರು ಸರಿಯೋ ಅವರ ಕಡೆ," ಎಂದರು.

ತುಂಗಾ ನಕ್ಕಳು. ನಗು ಅವಳಿಗೇ ಕೆಟ್ಟದಾಗಿ ಕೇಳಿಸಿತು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ ಸಾರ್, ಅದು ನೀವೇ. ಊರಿಗೆಲ್ಲ ಕಿತ್ತಳೆ ಹಂಚಿ ಬಂದು ನನಗೆ ಸಿಪ್ಪೆ ಕೊಡ್ತೀರಿ. ಅದನ್ನೂ ಪ್ರೀತಿಯಿಂದಲೇ ಕೊಡ್ತೀರಿ. ಕಿಟ್ಟಣ್ಣನ ಮನೆಯಲ್ಲಿ ಎಂತೆಂತ ಸಿಗುದಿಲ್ಲ ಅಂತ ನನಗೆ ಈಗಲೇ ಗೊತ್ತುಂಟು. ನಿಮ್ಮ ಮನೆಯಲ್ಲಾದ್ರೆ ಇವತ್ತು ಸಿಗ್ತದೋ ಅಂತ ದಿನಾ ಕಾಯ್ತಾ ಕೂರ್ಬೇಕು. ಬರಬೇಡಿ."

ಕೆಳಗೆ ಯಾವುದೋ ಹಡಗು ಕೂಗಿತು. ಜತ್ತನ್ನರ ಕೆನ್ನೆ ಒದ್ದೆಯಾಗಿತ್ತು, ಅವರು ಒರೆಸಿಕೊಳ್ಳಲೂ ಇಲ್ಲ.

"ಕ್ಷಮಿಸಿ ಅಂತ ಕೇಳಲಿಕ್ಕೆ ನನಗೆ ಮುಖ ಇಲ್ಲ. ಆದರೂ ಕೇಳ್ತೇನೆ."

"ಇಲ್ಲ," ಎಂದಳು ತುಂಗಾ. "ಕ್ಷಮಿಸಿದ ಮೇಲೆ ಮರೀಬೇಕು ಅಂತ ನೀವೇ ಹೇಳುದಲ್ವಾ? ನನಗೆ ನಿಮ್ಮನ್ನು ಮರೀಲಿಕ್ಕಾಗುದಿಲ್ಲ." ಅವಳ ಧ್ವನಿ ಮೊದಲ ಸಲ ನಡುಗಿತು. "ನೀವೂ ನನ್ನನ್ನು ಕ್ಷಮಿಸ್ಬೇಡಿ ಸಾರ್. ಯಾವತ್ತೂ."

ಅವಳು ತಿರುಗಿ ನೋಡದೆ ಮೆಟ್ಟಿಲಿಳಿದಳು.

ನಿಶ್ಚಿತಾರ್ಥ ಬೇಗನೇ ಆಯಿತು. ಸುಬ್ರಾಯ ಹೊಸ ಶರ್ಟು ಹೊಲಿಸಿಕೊಂಡ. ಕಿಟ್ಟಣ್ಣ ಹೋಟೆಲಿನಿಂದ ಒಂದು ಡಬ್ಬ ಮೈಸೂರು ಪಾಕು ಕಳಿಸಿ, ಆಫೀಸಿನವರಿಗೆ ಹಂಚಲು ಹೇಳಿದ.

ತುಂಗಾಳ ಕೊನೆಯ ದಿನ ಬಸ್ಸು ಸರಿಯಾದ ಹೊತ್ತಿಗೇ ಬಂತು. ಅವಳು ಹತ್ತಲಿಲ್ಲ. ಅದು ಹೋದ ಮೇಲೆ ಮುಂದಿನದನ್ನೂ ಬಿಟ್ಟಳು. ಆಮೇಲೆ ಬಂದದ್ದನ್ನು ಹತ್ತಿ, ಪ್ಯಾರೀಸ್ ಕಾರ್ನರಿನಲ್ಲಿ ಇಳಿದು, ಕನಕಾಂಬರ ಕೊಂಡು ಮುಡಿದು, ಒಂದೊಂದೇ ಮೆಟ್ಟಿಲು ಹತ್ತಿದಳು. ಹಾಲಿಗೆ ಕಾಲಿಟ್ಟಾಗ ಹತ್ತು ಹೊಡೆದು ಎಷ್ಟೋ ಹೊತ್ತಾಗಿತ್ತು.

ಎಲ್ಲರೂ ಅವಳನ್ನೇ ನೋಡಿ ನಗುತ್ತಿದ್ದರು. ಮದುವೆಯ ಹುಡುಗಿ, ಕೊನೆಯ ದಿನ, ಇವತ್ತು ಯಾರು ಏನನ್ನುತ್ತಾರೆ? ವಿನೋದಾ ಅವಳ ಮಿಷನ್ನಿಗೆ ಮಲ್ಲಿಗೆ ಸರ ಸುತ್ತಿಟ್ಟಿದ್ದಳು. ಕಸ ಗುಡಿಸುವ ಮುದುಕಿ ಕೂಡ ಬಾಗಿಲಲ್ಲಿ ನಿಂತಿದ್ದಳು.

ತುಂಗಾ ನೇರವಾಗಿ ಜತ್ತನ್ನರ ಮೇಜಿನ ಮುಂದೆ ಹೋಗಿ ನಿಂತಳು.

ಅವರು ಎದ್ದು ನಿಂತರು. ಬಹಳ ದಿನಗಳಿಂದ ನಿದ್ದೆ ಮಾಡದ ಕಣ್ಣು. ಅವಳ ಹೂವನ್ನು ನೋಡಿದರು, ಮುಖವನ್ನು ನೋಡಿದರು. ಇವತ್ತೊಂದು ದಿನ ಎಲ್ಲರಿಗೂ ಹೇಳುವ ಹಾಗೆ 'ಕೂತ್ಕೊಳ್ಳಿ, ನೀರು ಕುಡೀರಿ' ಎಂದುಬಿಟ್ಟರೆ ಏನು ಗತಿ ಎಂದು ತುಂಗಾಳ ಉಸಿರು ನಿಂತಿತ್ತು. ಹಾಗೆ ಅಂದರೆ ಅವಳೂ ಎಲ್ಲರಲ್ಲಿ ಒಬ್ಬಳು.

"ಮಿಸ್ ಐತಾಳ್." ಅವರ ಧ್ವನಿ ಸಿಕ್ಕಿಕೊಂಡಿತು, ಮತ್ತೆ ಬಿಡಿಸಿಕೊಂಡಿತು. "ಆಫೀಸ್ ಬಿಗಿನ್ಸ್ ಅಟ್ ನೈನ್ ಥರ್ಟಿ."

ಹಾಲಿಗೆ ಹಾಲೇ ಕಲ್ಲಾಯಿತು. "ಥೂ, ಇವತ್ತೂನಾ? ಎದೆಯಲ್ಲಿ ಏನಿದೆ ಈ ಮನುಷ್ಯನಿಗೆ?" ಎಂದು ವಿನೋದಾ ಕೇಳಿಸುವ ಹಾಗೆಯೇ ಅಂದಳು. ಮುದುಕಿ ತಲೆ ಅಲ್ಲಾಡಿಸುತ್ತಾ ಹೊರಟುಹೋದಳು. ಇಷ್ಟು ವರ್ಷ ಎಲ್ಲರಿಗೂ ದೇವರಂತಿದ್ದ ಜತ್ತನ್ನರು ಆ ಒಂದು ಮಾತಿಗೆ ಎಲ್ಲರ ಕಣ್ಣಲ್ಲಿ ಕಟುಕನಾಗಿ ನಿಂತಿದ್ದರು, ಯಾರಿಗೂ ಏನನ್ನೂ ವಿವರಿಸಲಿಲ್ಲ.

"ಸಾರಿ ಸಾರ್," ಎಂದಳು ತುಂಗಾ. ಅವತ್ತು ಬಾಗಿಲಲ್ಲಿ ಸಿದ್ಧಮಾಡಿಕೊಂಡು ಕೊಡಲಾಗದೆ ಹೋದ ಆ ಸಣ್ಣ ನಗೆಯನ್ನು ಈಗ ಕೊಟ್ಟಳು.

ತನ್ನ ಜಾಗದಲ್ಲಿ ಕೂತು, ಮಲ್ಲಿಗೆ ಸರವನ್ನು ಬದಿಗಿಟ್ಟು, ಆರು ಕಾರ್ಬನ್ ಜೋಡಿಸಿ ಮ್ಯಾನಿಫೆಸ್ಟ್ ಶುರುಮಾಡಿದಳು. ಬೀರುವಿನ ಗಾಜಿನಲ್ಲಿ ಪೆನ್ನು ನಿಂತೇ ಇತ್ತು, ಅವಳು ಹೂವು ಮುಟ್ಟದಿದ್ದರೂ. ಕಣ್ಣು ಮಂಜಾಗಿ ಮೊದಲ ಸಾಲಿನಲ್ಲೇ ಒಂದು ಅಕ್ಷರ ತಪ್ಪಿತು. ತುಂಗಾ ರಬ್ಬರನ್ನು ಕೈಗೆತ್ತಿಕೊಂಡಳು, ಸ್ವಲ್ಪ ಹೊತ್ತು ಹಿಡಿದಿದ್ದು, ಉಜ್ಜದೆ ಮತ್ತೆ ಕೆಳಗಿಟ್ಟಳು.